ಬೆನ್ನಿಗಿಳಿದ ಬೆವರು

ಅಕ್ಕ, ಡಾಕ್ಟರು ಹೇಳಿದ ಒಂದು ಮಾತನ್ನು ನಾನು ನಿನಗೆ ಹೇಳದೆ ನುಂಗಿದೆ. ಇದು ಖಂಡಿತ. ಆದರೆ ಆ ಮಾತನ್ನು ಅವರು ಹೇಳಿದ್ದು ನಿನ್ನ ಆಪರೇಶನ್ನಿಗೆ ಮೊದಲೋ, ಆದ ಮೇಲೋ — ಅದು ಮಾತ್ರ ನನಗೆ ಬಹಳ ವರ್ಷ ಖಂಡಿತವಿರಲಿಲ್ಲ. ಆಮೇಲೆ ಹೇಳಿದ್ದಾದರೆ, ಆಗಿಹೋದದ್ದಕ್ಕೆ ನಿನ್ನನ್ನು ಯಾಕೆ ಹೆದರಿಸಲಿ ಎಂದು ಸುಮ್ಮನಾದೆ ಎನ್ನಬಹುದು. ಮೊದಲೇ ಹೇಳಿದ್ದಾದರೆ ನಾನು ಮಾಡಿದ್ದಕ್ಕೆ ಮೋಸ ಎಂದೇ ಹೆಸರು. ಈ ಎರಡರ ನಡುವಿನ ಮಬ್ಬಿನಲ್ಲಿ ನಾನು ಹತ್ತು ಹನ್ನೆರಡು ವರ್ಷ ನೆಮ್ಮದಿಯಾಗಿದ್ದೆ.

ಉಡುಪಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು ನಾನು. ನೆನಪನ್ನು ನಂಬಬೇಡಿ, ಇನ್ನೊಮ್ಮೆ ಅಳೆದು ನೋಡಿ ಎಂದು ಹುಡುಗರಿಗೆ ಹೇಳುತ್ತ ಬಂದವನು. ಈ ಒಂದು ವಿಷಯದಲ್ಲಿ ಮಾತ್ರ ನಾನು ಅಳೆಯಲು ಹೋಗಲಿಲ್ಲ. ನನ್ನ ನೆನಪನ್ನು ನಾನೇ ನಂಬುವುದಿಲ್ಲ ಎಂದುಬಿಟ್ಟರೆ ಆಯಿತಲ್ಲ — ಅಪರಾಧವೂ ಅನುಮಾನದ ಪಟ್ಟಿಗೆ ಸೇರಿಬಿಡುತ್ತದೆ.

ಅಂಗೈ ಬೆವರುವುದು ನಮ್ಮಿಬ್ಬರಿಗೂ ಹುಟ್ಟಿನಿಂದ ಬಂದದ್ದು. ಮಳೆಗಾಲ, ಚಳಿಗಾಲ ಎಂದಿಲ್ಲ. ಯಾರಾದರೂ ಹೆಸರು ಕರೆದರೆ ಸಾಕು, ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲೆಗೆ ಹೊರಡುವ ಮೊದಲು ಜಗಲಿಯ ಕೆಂಪು ನೆಲಕ್ಕೆ ಕೈ ಒತ್ತಿ, ಯಾರ ಕೈಯ ಗುರುತು ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಗೆಲ್ಲುವವಳು ಯಾವಾಗಲೂ ನೀನೇ. "ನನ್ನ ಕೈಯಲ್ಲಿ ಬಾವಿ ಉಂಟು. ನಿನ್ನದರಲ್ಲಿ ಬರೀ ನಲ್ಲಿ" ಎಂದು ನಗುತ್ತಿದ್ದೆ.

ನನಗೆ ಅಡಗಿಸಲು ದಾರಿಗಳಿದ್ದವು. ಬರೆಯುವಾಗ ಕೈಯಡಿಗೆ ಬ್ಲಾಟಿಂಗ್ ಪೇಪರ್, ಕಿಸೆಯಲ್ಲಿ ಒಂದಕ್ಕಿಂತ ಹೆಚ್ಚು ಕರವಸ್ತ್ರ. ಯಾರಾದರೂ ಕೈ ಚಾಚಿದರೆ ನಾನು ಬಹಳ ಸಂಪ್ರದಾಯಸ್ಥನಂತೆ ದೂರದಿಂದ ನಮಸ್ಕಾರ ಮಾಡಿಬಿಡುತ್ತಿದ್ದೆ. ನಿನಗೆ ದಾರಿ ಇರಲಿಲ್ಲ. ನಮ್ಮದು ಮಲ್ಲಿಗೆಯ ಮನೆ.

ಶಂಕರಪುರದ ಸುತ್ತಿನ ಉಳಿದ ಮನೆಗಳ ಹಾಗೆ ನಮ್ಮಲ್ಲೂ ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಎಲ್ಲರೂ ಜಗಲಿಯಲ್ಲಿ ಕೂತು ಬಾಳೆಯ ನಾರಿನಲ್ಲಿ ಕಟ್ಟಬೇಕು, ಹೂವಿನವರು ಬರುವ ಹೊತ್ತಿಗೆ ಚೆಂಡು ಸುತ್ತಿ ಇಡಬೇಕು. ಅಂಗೈಯ ಬೆವರು ತಾಗಿದ ಮೊಗ್ಗು ಕಟ್ಟುವಾಗ ಬೆಳ್ಳಗೇ ಇರುತ್ತದೆ, ಮಧ್ಯಾಹ್ನಕ್ಕೆ ಕಂದಾಗುತ್ತದೆ. ನೀನು ಕಟ್ಟಿದ ಹೂವು ಒಂದೆರಡು ಸಲ ಹೂವು ಮಾರುವ ಕಟ್ಟೆಯಿಂದ ವಾಪಸು ಬಂದ ಮೇಲೆ ಅಮ್ಮ ನಿನ್ನನ್ನು ನೀರು ಸೇದುವುದಕ್ಕೂ ಗಿಡದ ಬುಡ ಬಿಡಿಸುವುದಕ್ಕೂ ಕಳಿಸಿದರು. ಜಗಲಿಯಲ್ಲಿ ನಾವೆಲ್ಲ ಹೂವು ಕಟ್ಟುತ್ತ ಹರಟುವಾಗ ನೀನು ಬಾವಿಕಟ್ಟೆಯಿಂದಲೇ ಜವಾಬು ಕೂಗುತ್ತಿದ್ದೆ. ಆ ಕೂಗಿಗೆ ನಾವು ನಗುತ್ತಿದ್ದೆವು. ನೀನು ಯಾಕೆ ಅಷ್ಟು ದೂರದಲ್ಲಿದ್ದೀ ಎಂದು ಯಾರೂ —

ನಿನ್ನನ್ನು ನೋಡಲು ಕಾರ್ಕಳದ ಕಡೆಯವರು ಬಂದದ್ದು ಬೆಳಿಗ್ಗೆಯೇ. ಹೂವಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಹುಡುಗನ ಅತ್ತೆ ಕಾಫಿ ಕುಡಿದು, ತಾವೂ ಚಾಪೆಯಲ್ಲಿ ಕೂತು, ಸಲಿಗೆಯಿಂದ ನಿನ್ನ ಮಡಿಲಿಗೆ ಒಂದು ಹಿಡಿ ಮೊಗ್ಗು ಸುರಿದರು. "ಕಟ್ಟು ಮಗಳೇ, ಮಾತಾಡುತ್ತಾ ಕಟ್ಟುವ." ಬೇಡ ಎನ್ನುವ ಹಾಗಿರಲಿಲ್ಲ. ನಿನ್ನ ಬೆರಳಿನ ಸಂದಿಯಿಂದ ನೀರು ನಾರಿಗಿಳಿಯುವುದನ್ನು ಎಲ್ಲರೂ ನೋಡಿದರು.

"ಎಂತ ಇದು, ಹೂವನ್ನು ಬೇಯಿಸಿಯೇ ಬಿಟ್ಟೆಯಲ್ಲ!" ಎಂದು ಅವರು ನಕ್ಕರು. ಅಂಗಳಕ್ಕಿಳಿದ ಮೇಲೆ ನಗಲಿಲ್ಲ. "ಹೂವೇ ನಿಲ್ಲದ ಕೈ ಮಾರಾಯ್ತಿ..." ಎಂದು ಜೊತೆಯವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು.

ಆ ಮಾತು ಊರಿಡೀ ಹಬ್ಬಿತು. ಆಮೇಲೆ ಬಂದವರೂ ನಿನ್ನ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು.

ಆಗ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ; ಮನೆಯ ಗಂಡು ಧ್ವನಿ ನನ್ನದು. ಕೈ ಉಷ್ಣ, ದೋಷ, ಹರಕೆ ಎಂದೆಲ್ಲ ಅಮ್ಮ ಹೇಳುವಾಗ ನನಗೆ ರೇಗುತ್ತಿತ್ತು. ಇದು ನರದ ವಿಷಯ, ಮಣಿಪಾಲಕ್ಕೆ ಹೋಗುವ ಎಂದೆ. ಅಂಗೈಗೆ ಬೆವರಲು ಅಪ್ಪಣೆ ಒಯ್ಯುವ ನರವನ್ನು ಕತ್ತರಿಸಿದರೆ ಬೆವರು ನಿಲ್ಲುತ್ತದೆ ಎಂದು ನಾನು ಓದಿದ್ದೆ. ನಿನಗಾಗಿ ಓದಿದ್ದು ಎಂದು ನೀನು ತಿಳಿದೆ. ನಿಜಕ್ಕೂ ಓದಿದ್ದು ನನಗಾಗಿ, ಅಕ್ಕ. ಹಾಸ್ಟೆಲಿನಲ್ಲಿದ್ದಾಗಲೇ.

ಇನ್ನು ಆ ಮಾತಿಗೆ ಬರುತ್ತೇನೆ.

ಸರ್ಜನ್ ಮದ್ರಾಸಿನ ಕಡೆಯವರು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಬೆಳಗಿನ ಹೂವು ಬಿಟ್ಟು ಅಮ್ಮ ಬರುವ ಹಾಗಿರಲಿಲ್ಲ, ಆದ್ದರಿಂದ ನಾವಿಬ್ಬರೇ ಇದ್ದೆವು. ನಿನಗೆ ಎಂಟನೆಯ ಕ್ಲಾಸಿನ ಇಂಗ್ಲಿಷ್. ಅವರ ಮಾತನ್ನು ನಿನಗೆ ತುಳುವಿನಲ್ಲಿ ದಾಟಿಸುವ ಕೆಲಸ ನನ್ನದು. ಅವರು ನಿಧಾನವಾಗಿ, ನಿನ್ನನ್ನೇ ನೋಡುತ್ತ ಹೇಳಿದರು: ಕೈ ಒಣಗುತ್ತದೆ, ಅದು ಸರಿ. ಆದರೆ ದೇಹದ ಬೆವರು ಎಲ್ಲಾದರೂ ಹೊರಗೆ ಹೋಗಬೇಕಲ್ಲ. ಬೆನ್ನಿನಲ್ಲಿ, ಹೊಟ್ಟೆಯಲ್ಲಿ, ತೊಡೆಯಲ್ಲಿ ಬರಬಹುದು — ಕೆಲವರಿಗೆ ಸ್ವಲ್ಪ, ಕೆಲವರಿಗೆ ಕೈಯದ್ದೇ ವಾಸಿಯಿತ್ತು ಅನ್ನುವಷ್ಟು. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು.

ನಾನು ನಿನಗೆ ಹೇಳಿದ್ದು: "ಇನ್ನು ಕೈಯ ಚಿಂತೆ ಇಲ್ಲ ಅಂತ ಹೇಳಿದರು."

ನೀನು ನನ್ನನ್ನೇ ನೋಡಿದೆ. "ಅವರು ಅಷ್ಟು ಹೊತ್ತು ಮಾತಾಡಿದರು. ಅದರಲ್ಲಿ ಇದ್ದದ್ದು ಇಷ್ಟೇಯಾ?"

"ಇಂಗ್ಲಿಷ್ ಹಾಗೆಯೇ ಅಕ್ಕ. ಸುಮ್ಮನೆ ಉದ್ದ ಇರುತ್ತದೆ."

ನೀನು ನಕ್ಕೆ. ನಂಬಿದೆ.

ಇಷ್ಟು ನೆನಪು ಸ್ವಚ್ಛವಾಗಿದೆ. ಆದರೆ ಈ ಚಿತ್ರದಲ್ಲಿ ನಿನ್ನ ಕೊರಳಿನ ಕೆಳಗೆ ಬ್ಯಾಂಡೇಜು ಇತ್ತೋ ಇಲ್ಲವೋ — ಒಂದೊಂದು ಸಲ ಕಾಣುತ್ತದೆ, ಒಂದೊಂದು ಸಲ ಇಲ್ಲ. ನಾನು ಹೇಳಿದ ಮಾತಾದರೂ ಆಪರೇಶನ್ನಿನ ಮೊದಲಿಗೂ ಸಲ್ಲುತ್ತದೆ, ನಂತರಕ್ಕೂ ಸಲ್ಲುತ್ತದೆ. ಕೆಲವು ದಿನ ಇನ್ನೊಂದು ವಾಕ್ಯವೂ ನೆನಪಾಗುತ್ತದೆ: "ಅವಳನ್ನು ಕೇಳಿ ನನಗೆ ಹೇಳಿ" ಎಂದು ಡಾಕ್ಟರು ಕೊನೆಗೆ ಹೇಳಿದಂತೆ. ಅದು ನಿಜವಾದರೆ ಮತ್ತೆ ಸಂಶಯವೇ ಉಳಿಯುವುದಿಲ್ಲ. ಆದರೆ ಮನಸ್ಸು ತನ್ನನ್ನು ಶಿಕ್ಷಿಸಿಕೊಳ್ಳಲು ಹೊರಟಾಗ ಸಾಕ್ಷಿಗಳನ್ನೂ ತಾನೇ ಹುಟ್ಟಿಸುತ್ತದೆ ಎಂದುಕೊಂಡು ಆ ವಾಕ್ಯವನ್ನು ಹೊರಗಟ್ಟುತ್ತಿದ್ದೆ. ನಿನ್ನನ್ನೇ ಕೇಳಬಹುದಿತ್ತು. ಕೇಳಿದರೆ ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಾಗುತ್ತಿತ್ತು.

ಆಪರೇಶನ್ ಆಯಿತು. ಎರಡೂ ಕೊರಳೆಲುಬುಗಳ ಮೇಲೆ ಒಂದೊಂದು ಗೀರು. ಎಚ್ಚರಾದ ಮೇಲೆ ನೀನು ಮಾಡಿದ ಮೊದಲ ಕೆಲಸ, ನನ್ನನ್ನು ಹತ್ತಿರ ಕರೆದು ಕೆನ್ನೆಗೆ ಅಂಗೈ ಇಟ್ಟದ್ದು. "ನೋಡು, ಕಾಗದದ ಹಾಗೆ ಉಂಟು!" ನಿನ್ನ ಕೈ ಬೆಚ್ಚಗಿತ್ತು, ಒಣಗಿತ್ತು. ಅಷ್ಟು ವರ್ಷಗಳಲ್ಲಿ ನಿನ್ನ ಕೈ ಬೆಚ್ಚಗಿದ್ದದ್ದನ್ನು ನಾನು ಮುಟ್ಟಿ ನೋಡಿದ್ದು ಆವತ್ತೇ. ನನಗೆ ಅಳು ಬಂತು. ಆ ಅಳುವಿನಲ್ಲಿ ನಿನ್ನ ಪಾಲೆಷ್ಟು, ಇನ್ನು ನನ್ನ ಕೈಯೂ ಹೀಗಾಗುತ್ತದೆ ಎಂಬ ಆಸೆಯ ಪಾಲೆಷ್ಟು — ನನಗೆ ಗೊತ್ತಿಲ್ಲ.

ಮನೆಗೆ ಬಂದು ನೀನು ಜಗಲಿಯಲ್ಲಿ ಎಲ್ಲರ ನಡುವೆ ಕೂತು ಹೂವು ಕಟ್ಟಿದೆ. ಅಮ್ಮ ಆ ಚೆಂಡನ್ನು ಮಾರಲಿಲ್ಲ, ದೇವರಿಗೂ ಇಡಲಿಲ್ಲ. ಸಂಜೆಯವರೆಗೆ ಎದುರಿಗಿಟ್ಟುಕೊಂಡು ಬಣ್ಣ ನೋಡುತ್ತ ಕೂತರು.

ಮರುವರ್ಷ ಬೇಸಿಗೆಯಲ್ಲಿ ನಿನ್ನ ಮದುವೆ. ಭಾವ ಕಾಪುವಿನ ಸೈಕಲ್ ಅಂಗಡಿಯವರು. ನಿನ್ನ ಕೈ ನೋಡಲಿಲ್ಲ, ನಿನ್ನ ಬಾಯಿಗೆ ಸೋತರು. ಧಾರೆಯ ಹೊತ್ತು. ನಿನ್ನ ಕೈಯನ್ನು ಅವರ ಕೈಯಲ್ಲಿಟ್ಟು ನೀರೆರೆಯುವಾಗ ಚಪ್ಪರದಲ್ಲಿದ್ದವರ ಕಣ್ಣೆಲ್ಲ ಆ ಕೈಗಳ ಮೇಲೆ. ನಾನು ತಮ್ಮನಾಗಿ ನಿನ್ನ ಹಿಂದೆ ನಿಂತಿದ್ದೆ. ನಿನ್ನ ಸೀರೆಯ ಬೆನ್ನು ಹೆಗಲಿನಿಂದ ಸೊಂಟದವರೆಗೆ ಕಪ್ಪಾಗಿ ಅಂಟಿತ್ತು. ಅದರ ತುದಿಯಿಂದ ನೀರು ಮಣೆಯ ಮೇಲೆ ಬೀಳುತ್ತಿತ್ತು. ಬೇಸಿಗೆಯಲ್ಲವೇ, ಎಲ್ಲರೂ ಬೆವರುತ್ತಾರೆ ಎಂದುಕೊಂಡೆ. ಅಂದುಕೊಳ್ಳುವಾಗಲೇ ನನಗೆ ಗೊತ್ತಿತ್ತು — ಗೊತ್ತಿದ್ದದ್ದರಿಂದಲೇ ಹಾಗೆ ಅಂದುಕೊಳ್ಳಬೇಕಾಯಿತು.

ಆಮೇಲಿನ ವರ್ಷಗಳು ನಿನಗೆ ಗೊತ್ತಿವೆ, ನಾನು ಹೇಳುವುದೇನು. ಬಿಳಿ, ತಿಳಿ ಬಣ್ಣದ ರವಿಕೆಗಳನ್ನು ನೀನು ಬಿಟ್ಟೆ. ಬೆನ್ನು ಗೋಡೆಗೆ ಕೊಡುವ ಜಾಗ ಸಿಗುವುದಾದರೆ ಮಾತ್ರ ಸಮಾರಂಭಗಳಿಗೆ ಹೋದೆ. ಭಜನೆಯಲ್ಲಿ ನಿನ್ನ ಹಾಗೆ ಹಾಡುವವರಿರಲಿಲ್ಲ. ಮುಂದಿನ ಸಾಲಿನಲ್ಲಿ, ಹಿಂದಿನವರಿಗೆ ಬೆನ್ನು ತೋರಿಸಿ ಕೂರಬೇಕಲ್ಲ ಎಂದು ಅದನ್ನೂ ಬಿಟ್ಟೆ. ಬೆನ್ನ ತುಂಬ ಬೆವರುಸಾಲೆ. ಭಾವ ತಮಾಷೆ ಮಾಡುತ್ತಿದ್ದರು: "ನಿನ್ನ ಅಕ್ಕ ಎದ್ದುಹೋದ ಕುರ್ಚಿ ಯಾವುದು ಅಂತ ಕೇಳಬೇಕಾಗಿಲ್ಲ ಭಾವಾ, ಸಹಿ ಹಾಕಿಯೇ ಹೋಗುತ್ತಾಳೆ." ತಮಾಷೆ ಮುಗಿಸಿ ಬೀಸಣಿಗೆ ತಂದು ನಿನ್ನ ಹಿಂದೆ ಕೂರುತ್ತಿದ್ದರು.

ನೀನೂ ನಗುತ್ತಿದ್ದೆ. "ನಿನ್ನ ಸೈನ್ಸ್ ನನ್ನ ಬೆನ್ನಲ್ಲಿ ಇಳಿಯುತ್ತಾ ಉಂಟು ಮಾರಾಯ!" ಎನ್ನುತ್ತಿದ್ದೆ. ಒಮ್ಮೆಯೂ ದೂರಲಿಲ್ಲ. ಡಾಕ್ಟರಿಗೂ ಇದು ಗೊತ್ತಿರಲಿಕ್ಕಿಲ್ಲ ಪಾಪ, ಎಂದೆ ನೀನು ಒಂದು ಸಲ. ನಾನು ಚಹಾ ಕುಡಿಯುತ್ತಿದ್ದೆ. ಹೌದು ಎಂದೆ.

ಮೊದಮೊದಲು ನೀನು ಕೇಳುತ್ತಿದ್ದೆ: "ನಿನ್ನದು ಯಾವಾಗ?" ನಿನ್ನ ಕೈ ಸರಿಹೋದರೆ ಮುಂದಿನ ಸರದಿ ನನ್ನದು ಎಂದು ನಾವು ಮಾತಾಡಿಕೊಂಡಿದ್ದೆವಲ್ಲ. ಪರೀಕ್ಷೆ ಮುಗಿಯಲಿ, ರಜೆ ಸಿಗಲಿ ಎನ್ನುತ್ತಿದ್ದೆ ನಾನು. ಆಮೇಲೆ ನೀನು ಕೇಳುವುದನ್ನು ಬಿಟ್ಟೆ. ಯಾಕೆ ಬಿಟ್ಟೆ ಎಂದು ನಾನು ಯೋಚಿಸಲಿಲ್ಲ, ಯೋಚಿಸಲು ಬಿಡಲಿಲ್ಲ. ನಿನ್ನ ಬೆನ್ನು ನೋಡಿ ನಾನು ನನ್ನ ಕೈಯನ್ನು ಹಾಗೆಯೇ ಇಟ್ಟುಕೊಂಡೆ. ಈಗಲೂ ಬೋರ್ಡಿನ ಮುಂದೆ ಸೀಮೆಸುಣ್ಣ ನನ್ನ ಬೆರಳಲ್ಲಿ ಹಿಟ್ಟಾಗುತ್ತದೆ. ನನಗೆ ಆಯ್ಕೆ ಇತ್ತು, ಯಾಕೆಂದರೆ ನನ್ನ ಎದುರಿಗೆ ನೀನಿದ್ದೆ. ನಿನ್ನ ಎದುರಿಗೆ ಇದ್ದದ್ದು ನನ್ನ ಒಂದು ಗಿಡ್ಡ ವಾಕ್ಯ.

ಹೇಳಿದ್ದರೂ ನೀನು ಒಪ್ಪುತ್ತಿದ್ದೆಯೇನೋ. ಬೆನ್ನು ಯಾರು ನೋಡುತ್ತಾರೆ, ಕೈ ಒಣಗಲಿ ಎನ್ನುತ್ತಿದ್ದೆಯೇನೋ. ಈ ವಾದವನ್ನು ನಾನು ಎಷ್ಟೋ ಸಲ ಕಟ್ಟಿದ್ದೇನೆ. ನಿಲ್ಲುವುದಿಲ್ಲ. ಒಪ್ಪುವುದಿದ್ದರೂ ಅದು ನಿನ್ನ ಒಪ್ಪಿಗೆಯಾಗಬೇಕಿತ್ತು.

ಈಚೆಗೆ ಪ್ರಾಕ್ಟಿಕಲ್ ಪರೀಕ್ಷೆಗೆಂದು ಕಾರ್ಕಳಕ್ಕೆ ಹೋಗಿದ್ದೆ. ಬಿಸಿಲಿಗೆ ತಲೆ ಸುತ್ತಿದಂತಾಗಿ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ ನುಗ್ಗಿದೆ. ಲೇಡಿ ಡಾಕ್ಟರು ನಾಡಿ ಹಿಡಿದವರು ನನ್ನ ಅಂಗೈ ಮಗುಚಿ ನೋಡಿದರು.

"ಕೈ ಯಾವಾಗಲೂ ಹೀಗೆಯಾ?"

"ಚಿಕ್ಕಂದಿನಿಂದ."

"ಇದಕ್ಕೆ ಆಪರೇಶನ್ ಉಂಟು, ಗೊತ್ತುಂಟಾ? ನಾನು ಮಣಿಪಾಲದಲ್ಲಿ ಕಲಿಯುವಾಗ ಒಂದು ಕೇಸ್ ನನ್ನ ಕುತ್ತಿಗೆಗೆ ಬಂದಿತ್ತು. ಮಲ್ಲಿಗೆ ಕಟ್ಟುವ ಹುಡುಗಿ. ಸರ್ ಆಪರೇಶನ್ ಮಾಡಿ ಆವತ್ತೇ ಸಂಜೆ, ಅವಳಿಗೆ ಎಚ್ಚರಾಗುವ ಮೊದಲೇ ಮದ್ರಾಸಿಗೆ ಹೊರಟರು, ಮಗಳ ಮದುವೆಗೆ. ಪಕ್ಕದ ನರಕ್ಕೆ ತಾಗಿದ್ದರೆ ರೆಪ್ಪೆ ಜೋತುಬೀಳಬಹುದು, ನೋಡಿಕೋ ಅಂತ ಹೇಳಿ ಹೋದರು. ನಾನು ಹೆದರಿ ಅವಳ ಕಣ್ಣನ್ನೇ ನೋಡುತ್ತಾ ಕೂತೆ. ಕೊನೆಗೆ ಅವಳೇ ಹೇಳಿದಳು, 'ಡಾಕ್ಟರೇ, ನೀವು ಮಲಗಿ. ರೆಪ್ಪೆ ಬಿದ್ದರೆ ನಾನೇ ಕರೆಯುತ್ತೇನೆ' ಅಂತ!"

ಅವರು ನಕ್ಕರು. ಹಾಗೆ ಹೇಳುವವಳು ಈ ಜಿಲ್ಲೆಯಲ್ಲಿ ನೀನೊಬ್ಬಳೇ. ನನ್ನ ಅಕ್ಕ ಅವಳು ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ನನ್ನ ತಲೆಸುತ್ತನ್ನೇ ಮರೆತರು. ನಾನು ಕೇಳಿದೆ: "ಸರ್ ವಾಪಸು ಬಂದು ಅವಳನ್ನು ನೋಡಿರಬೇಕಲ್ಲ?"

"ಎಲ್ಲಿ? ಅವರು ಬರುವಾಗ ನೀವು ಮನೆಗೆ ಹೋಗಿ ಆಗಿತ್ತು. ಹೊಲಿಗೆ ಬಿಚ್ಚಿದ್ದೂ ನಾನೇ ಅಲ್ವಾ."

ಹಾಗಾದರೆ ಅವರು ಆ ಮಾತು ಹೇಳಿದ್ದು ಆಪರೇಶನ್ನಿಗೆ ಮೊದಲೇ. ಬಸ್ಸಿನಲ್ಲಿ ಕೂತು ನಾನು ನನ್ನ ಹಳೆಯ ಕಸುಬು ಹಿಡಿದೆ. ಒಬ್ಬರ ನೆನಪು ಸಾಕ್ಷಿಯಲ್ಲ. ಅವರು ಬೇರೆ ಸಲದ್ದನ್ನು ಇದಕ್ಕೆ ಸೇರಿಸಿರಬಹುದು. ಅಷ್ಟು ವರ್ಷಗಳ ಹಿಂದಿನ ಒಂದು ಸಂಜೆ — ಹೀಗೆ ಬಸ್ಸು ಬೆಳ್ಮಣ್ಣು ದಾಟುವವರೆಗೂ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಕಾಪುವಿಗೆ ಬರುತ್ತೇನೆ, ಅಕ್ಕ. ಡಾಕ್ಟರು ಆವತ್ತು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ನಿನಗೆ ತುಳುವಿನಲ್ಲಿ ಹೇಳುತ್ತೇನೆ. ನೀನು ನಕ್ಕುಬಿಡುತ್ತೀಯೇನೋ ಎಂಬುದೇ ನನ್ನ ಭಯ. ದಯವಿಟ್ಟು ತಕ್ಷಣ ನಗಬೇಡ. ಬೈಯಬೇಕೆನಿಸಿದರೆ ಬೈ. ಭಾವನ ಎದುರಿಗೇ ಹೇಳುತ್ತೇನೆ. ಇಷ್ಟು ವರ್ಷ ಬೀಸಣಿಗೆ ಹಿಡಿದವರು ಅವರು.

ಕಾರ್ಕಳದಿಂದ ಬಂದ ಮರುದಿನ ನಾನು ಅಮ್ಮನ ಹತ್ತಿರ ಹೋದೆ. ಡಾಕ್ಟರಮ್ಮನ ವಿಷಯ ಏನೂ ಹೇಳದೆ, ಆಪರೇಶನ್ ಆದ ಮೇಲೆ ದೊಡ್ಡ ಡಾಕ್ಟರು ಅಕ್ಕನನ್ನು ನೋಡಲು ಬಂದಿದ್ದರಾ ಎಂದು ಮಾತ್ರ ಕೇಳಿದೆ. ಅಮ್ಮ ಕಟ್ಟುತ್ತಿದ್ದ ಹೂವಿನಿಂದ ತಲೆಯೆತ್ತಲೂ ಇಲ್ಲ. "ಅವರೆಲ್ಲಿ ಬಂದದ್ದು! ಮರುದಿನ ಅವರಿಗೆಂದು ಬಸ್ಸಿನಲ್ಲಿ ಹೊತ್ತು ತಂದ ಎಳನೀರಿನ ಬೊಂಡ ಕಡೆಗೆ ಆ ಸಣ್ಣ ಲೇಡಿ ಡಾಕ್ಟರಿಗೆ ಕೊಟ್ಟು ಬಂದೆ. ಅವರು ಮಗಳ ಮದುವೆಗೆ ಹೋಗಿದ್ದಾರೆ ಅಂತ ನೀನೇ ಅಲ್ವಾ ನನಗೆ ಹೇಳಿದ್ದು?"