ಕಣ್ಣು ಬರೆಯದ ಚಿತ್ರ

ದೆವ್ವ, ದೃಷ್ಟಿ ಎಂದರೆ ನಗುತ್ತಿದ್ದವನು ನಾನು. ಈಗಲೂ ಬೇರೆಯವರು ಇಂಥದ್ದನ್ನು ಹೇಳಿದರೆ ಪೂರ್ತಿ ನಂಬಲಾರೆ. ಆದರೆ ಇದು ನಡೆದದ್ದು ನನ್ನ ಹೆಂಡತಿಗೆ, ಅದೂ ನನ್ನ ಕೈಯಿಂದಲೇ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನ ಅಗ್ರಹಾರದಲ್ಲಿ ಲಿಂಗಪ್ಪ ಮೇಷ್ಟ್ರ ಬಳಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೆ. ಜೀವಮಾನವೆಲ್ಲ ದೇವರ ಪಟ ಬರೆದ ಅವರು ಮುಪ್ಪಿನಲ್ಲಿ ತಮಗಾಗಿ ಒಂದು ವಿಚಿತ್ರ ಚಿತ್ರ ಬರೆಯುತ್ತಿದ್ದರು. ಕೊಳದ ಮೆಟ್ಟಿಲ ಮೇಲೆ ಮಲ್ಲಿಗೆ ಮುಡಿದ ಹೆಣ್ಣೊಬ್ಬಳು ಬಾಗಿದ್ದಾಳೆ. ನೀರಿನಲ್ಲಿ ಅವಳ ಪ್ರತಿಬಿಂಬ ಬರೀ ಎಲುಬಿನ ಗೂಡು. ಅದರ ತಲೆಯಲ್ಲೂ ಅದೇ ಮಲ್ಲಿಗೆ, ಬಾಡದೆ. "ಇಬ್ರೂ ಒಬ್ಳೇ ಕಣೋ, ನೋಡೋ ಹೊತ್ತು ಬೇರೆ ಅಷ್ಟೆ" ಅನ್ನುತ್ತಿದ್ದರು. ಆ ಹೆಣ್ಣಿನ ಮುಖ ನನ್ನ ಸರಸುವಿನದು. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಪಟಕ್ಕೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಪಕ್ಕಕ್ಕೆ ಕುಳಿತು ಬರೆದು, ಕೂಡಲೇ ಎದುರಿಗೆ ಕನ್ನಡಿ ಹಿಡಿಯಬೇಕು; ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಮೇಷ್ಟ್ರ ಕೈ ನಡುಗುತ್ತಿದ್ದುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಕನ್ನಡಿ ತಾವೇ ಹಿಡಿಯುತ್ತೇನೆಂದು, ಅದಕ್ಕೆ ಮೊದಲು ಮಡಿಯಾಗಲು ಅವರು ಸ್ನಾನಕ್ಕೆ ಹೋದರು. ನಾನು ಕಾಯಲಿಲ್ಲ. ಅದೆಲ್ಲ ದೇವರ ಪಟಕ್ಕೆ ಮಾಡುವ ಶಾಸ್ತ್ರ, ಇದಕ್ಕೇಕೆ ಎಂದುಕೊಂಡು ಎರಡು ಕಣ್ಣುಪಾಪೆ ಇಟ್ಟುಬಿಟ್ಟೆ.

ಆಗಲೇ ಸರಸು ನನ್ನ ಊಟದ ಕ್ಯಾರಿಯರ್ ಹಿಡಿದು ಬಂದು ಚಿತ್ರದ ಎದುರು ನಿಂತಳು. ಕ್ಯಾರಿಯರ್ ಕೈಜಾರಿತು.

"ರೀ, ಎಲ್ಲಿದ್ದೀರಿ? ದೀಪ ಹಚ್ಚಿ" ಎಂದಳು.

ಹಾಡಹಗಲು ಹನ್ನೆರಡು ಗಂಟೆ. ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ.

ಮೇಷ್ಟ್ರು ಒದ್ದೆ ಮೈಯಲ್ಲೇ ಓಡಿಬಂದರು. "ಕನ್ನಡಿ ಹಿಡಿದ್ಯೇನೋ?"

"ಇದು ದೇವರಲ್ಲವಲ್ಲ ಮೇಷ್ಟ್ರೇ..."

"ದೇವರಾಗಿದ್ರೆ ಕ್ಷಮಿಸ್ಬುಡ್ತಿದ್ದ ಕಣೋ. ಒರ್ಸು ಮೊದ್ಲು!"

ಒದ್ದೆ ಬಟ್ಟೆಯಿಂದ ಒರೆಸಿದೆ. ಎರಡನೆಯ ಪಾಪೆ ಅಳಿಸಿಹೋಗುತ್ತಿದ್ದಂತೆ ಸರಸು ನನ್ನ ಕಡೆ ತಿರುಗಿ, "ಯಾಕ್ರೀ ಅಳ್ತಿದ್ದೀರಾ?" ಎಂದಳು.

ಕಣ್ಣಿನ ಡಾಕ್ಟರು ದೋಷವೇನೂ ಇಲ್ಲ, ಬಿಸಿಲಲ್ಲಿ ನಡೆದು ಬಂದ ಆಯಾಸ ಎಂದರು. ಇರಬಹುದು. ನನಗಂತೂ ಇವತ್ತಿಗೂ ತಿಳಿಯದು. ಮೇಷ್ಟ್ರು ಆ ಚಿತ್ರವನ್ನು ನನಗೇ ಕೊಟ್ಟುಬಿಟ್ಟರು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಕುರುಡಾಗಿಯೇ ಇದೆ.

ಕಳೆದ ವರ್ಷ ಸರಸು ತೀರಿಕೊಂಡಳು. "ನಾನು ಹೋದ್ಮೇಲಾದ್ರೂ ಅವಳಿಗೆ ಕಣ್ಣು ಬರೀರಿ, ಇನ್ನು ಯಾರಿಗೆ ಏನಾಗ್ಬೇಕು?" ಎಂದಿದ್ದಳು.

ಒಂದೊಂದು ದಿನ ಕುಂಚ ಹಿಡಿದು ಕೂರುತ್ತೇನೆ. ಕನ್ನಡಿಯನ್ನು ಬೇಕೆಂದೇ ತಂದಿಟ್ಟುಕೊಳ್ಳುವುದಿಲ್ಲ. ಅವಳ ಮೊದಲ ನೋಟ ನನ್ನ ಮೇಲೇ ಬೀಳಲಿ ಎಂಬ ಆಸೆ. ಆದರೆ ಕಣ್ಣು ತೆರೆದಾಗ ನನ್ನನ್ನು ನೋಡುವವಳು ಮೆಟ್ಟಿಲ ಮೇಲಿನವಳೋ, ನೀರಿನೊಳಗಿನವಳೋ? ಅಷ್ಟರಲ್ಲಿ ಮಸಿ ಒಣಗಿರುತ್ತದೆ. ಕುಂಚ ತೊಳೆದಿಟ್ಟು, ನಾಳೆ ನೋಡೋಣ ಎಂದು ಎದ್ದುಬಿಡುತ್ತೇನೆ.