ಹಾರನಹಳ್ಳಿ ಮದುವೆಯಲ್ಲಿ ಜಾಝ್

ಅರಸೀಕೆರೆ ಸೀಮೆಯಲ್ಲಿ ಮದುವೆಯೆಂದರೆ ಬ್ಯಾಂಡ್‌ಸೆಟ್ಟು ಇರಲೇಬೇಕೆನ್ನುವ ಕಾಲವದು. ಆ ಬೇಸಿಗೆ ರಜೆಗೆ ಅಮ್ಮನ ತಮ್ಮ ಶಿವುಮಾವ ತನ್ನ ಕ್ಲಾರಿನೆಟ್ಟಿನೊಂದಿಗೆ ನಮ್ಮನೆಗೆ ಬಂದ. ಅವನಿಗೆ ಒಂದೇ ಹುಚ್ಚು. ನೂರು ವರ್ಷದ ಹಿಂದೆ ಅಮೆರಿಕದ ಬೀದಿಗಳಲ್ಲಿ ನುಡಿಸುತ್ತಿದ್ದ ಹಳೇ ಜಾಝನ್ನು ನಮ್ಮೂರ ಬ್ಯಾಂಡಿನವರ ಜೊತೆ ಒಂದು ಮದುವೆಯಲ್ಲಾದರೂ ನುಡಿಸಬೇಕು.

ತಾಲೀಮು ನಮ್ಮ ಕೊಬ್ಬರಿ ಅಟ್ಟದ ಕೆಳಗೆ. ಕೊಬ್ಬರಿಯ ಘಮದ ಜೊತೆ ಹಿತ್ತಾಳೆ ಉಜ್ಜಿದ ಹುಣಸೆಹುಳಿಯ ವಾಸನೆ. ನಾವು ಮಕ್ಕಳು ಮಂಡಕ್ಕಿ ಮುಕ್ಕುತ್ತಾ ಕೂತಿರುತ್ತಿದ್ದೆವು.

"ಎಲ್ರೂ ಬೇರೆಬೇರೆ ಊದಿದ್ರೆ ಗಲಾಟೆ ಆಗ್ತೈತೆ ಕಣಯ್ಯ" ಎಂದರು ಟ್ರಂಪೆಟ್ಟಿನ ರಂಗಣ್ಣ.

"ಒಬ್ರನ್ನೊಬ್ರು ಕೇಳಿಸ್ಕೊಂಡು ಊದಿದ್ರೆ ಆಗಲ್ಲ ರಂಗಣ್ಣ" ಎಂದ ಮಾವ.

ರಜೆ ಅರ್ಧ ಮುಗಿಯುವಷ್ಟರಲ್ಲಿ ಗಲಾಟೆ ಸಂಗೀತವಾಯಿತು.

ಹಾರನಹಳ್ಳಿಯ ಮದುವೆ. ಮುಹೂರ್ತಕ್ಕೆ ಇನ್ನೂ ಸಮಯವಿತ್ತು, ಅಕ್ಷತೆ ಮಾತ್ರ ಆಗಲೇ ಹಂಚಿಯಾಗಿತ್ತು. ಛತ್ರದ ಹೊರಗೆ ಮಾವ ಕಣ್ಣು ಮಿಟುಕಿಸಿದ್ದೇ ತಡ, ಎಲ್ಲ ವಾದ್ಯಗಳೂ ಒಟ್ಟಿಗೆ ಎದ್ದವು. ನಮ್ಮ ಕಡೆ ಹಾಗೆ ಒಟ್ಟಿಗೆ ಮೊಳಗುವುದು ತಾಳಿ ಕಟ್ಟುವಾಗಿನ ಗಟ್ಟಿಮೇಳಕ್ಕೆ ಮಾತ್ರ. ಮಂಟಪ ಕಾಣದ ಹಿಂದಿನ ಸಾಲಿನವರು ಎದ್ದು ಅಕ್ಷತೆ ಎರಚಿಯೇಬಿಟ್ಟರು. ಅವರನ್ನು ನೋಡಿ ಮುಂದಿನವರೂ ಎರಚಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು! ನನಗೆ ನಗು ತಡೆಯಲಾಗಲಿಲ್ಲ, ಅಮ್ಮ ತೊಡೆ ಚಿವುಟಿದಳು.

ಹುಡುಗಿಯ ಅಪ್ಪ ಹೊರಗೆ ಓಡಿಬಂದರು. "ಯಾರ್ರೀ ಈಗ ಊದಿ ಅಂದಿದ್ದು? ಸಿನಿಮಾ ಹಾಡು ಬಂದ್ರೆ ಊದಿ, ಇಲ್ದಿದ್ರೆ ಹೊರಡಿ!"

ಮಾವನ ಮುಖ ಸಪ್ಪಗಾಯಿತು. "ಬಿಡ್ಲಾ ಶಿವು, ಊಟ ಆದ್ಮೇಲೆ ಬೀದೀಲಿ ಊದಾನ. ಬೀದಿ ಯಾರಪ್ಪಂದೂ ಅಲ್ಲ" ಎಂದರು ರಂಗಣ್ಣ.

ಊದಿಯೇ ಊದಿದರು. ರಂಗಣ್ಣ ಒಮ್ಮೆ ಊದಿದಂತೆ ಇನ್ನೊಮ್ಮೆ ಊದಲಿಲ್ಲ. ಅವರು ಎತ್ತ ಹೊರಳಿದರೂ ಮಾವ ನಗುತ್ತಾ ಬೆನ್ನುಹತ್ತಿದ. ಎಲೆ ಎತ್ತುತ್ತಿದ್ದವರೂ ಹೊರಬಂದು ಕುಣಿದರು. ಅಂಥ ಮಧ್ಯಾಹ್ನ ನನಗೆ ಮತ್ತೆ ಸಿಗಲಿಲ್ಲ.

ಮದುವೆಗಳಿಗೆ ಡಿಜೆ ಬಂದು ಬ್ಯಾಂಡು ಚದುರಿತು. ರಂಗಣ್ಣ ತೀರಿಕೊಂಡರು. ಹಳೇ ಜಾಝಿಗೆ ಮರುಜೀವ ಕೊಟ್ಟವನೆಂದು ಈಗ ಮಾವನಿಗೆ ದೊಡ್ಡ ಸಭಾಂಗಣಗಳಲ್ಲಿ ಶಾಲು ಹೊದಿಸುತ್ತಾರೆ. ಮೊನ್ನೆ ಅವನ ಕಾರ್ಯಕ್ರಮಕ್ಕೆ ಹೋಗಿದ್ದೆ. ಟ್ರಂಪೆಟ್ ಹುಡುಗ ಒಂದು ಸ್ವರವೂ ತಪ್ಪದೆ ಊದಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅವತ್ತು ಬೀದೀಲಿ ರಂಗಣ್ಣ ಊದಿದ್ದೇ ಕಣೇ ಅದು. ನೆನಪಿದ್ದಷ್ಟು ಈ ಹುಡುಗನಿಗೆ ಹೇಳ್ಕೊಟ್ಟೆ" ಎಂದ ಮಾವ, ಕ್ಲಾರಿನೆಟ್ ಒರೆಸುತ್ತಾ.

"ಹಾಗೇ ಇತ್ತು ಮಾವ."

"ಹೌದು. ಆದ್ರೆ ಅವರೇ ಇದ್ದಿದ್ರೆ ಇವತ್ತು ಬೇರೆ ಏನೋ ಊದಿರೋರು."

ಆ ಬೇರೆಯದನ್ನು ನಾವಿನ್ನು ಎಲ್ಲಿ ಕೇಳುವುದು?