ಕೆರಿಯಪ್ಪ ಸಾನ್ ಬಿನ್ ಲೇಟ್ ಹುಚ್ಚಪ್ಪ ಸಾನ್

ಕಳೆದ ತಿಂಗಳು ನನ್ನ ಭಾವ, ಸೊರಬ ತಾಲ್ಲೂಕು ಹೊಸಬಾಳೆಯ ತಮ್ಮ ಗದ್ದೆಯ ಬದುವಿನ ಮೇಲೆ, ಜಪಾನಿನಿಂದ ಬಂದ ಹಿರಿಯರೊಬ್ಬರ ಮುಂದೆ ಸೊಂಟ ಬಗ್ಗಿಸಿ ನಿಂತು, ಊರಿಗೆಲ್ಲ ಕೇಳುವಂತೆ ‘ನಾನು ಮಾನ್ಯ ಕೆರಿಯಪ್ಪನವರು, ಬಾಟ್ಲಿ’ ಎಂದು ತಮ್ಮ ಪರಿಚಯ ಹೇಳಿಕೊಂಡರು.

ಭಾವ ಕುಡಿಯುವವರಲ್ಲ. ಚಹಾ ಕೊಟ್ಟರೂ ಅರ್ಧ ಲೋಟ ಸಾಕು ಎನ್ನುವ ಆಸಾಮಿ. ಹಾಗಾದರೆ ಅವರ ಬಾಯಲ್ಲಿ ಈ ಮಾತು ಬರಿಸಿದವರು ಯಾರು?

ಶಿಕಾರಿಪುರದಲ್ಲಿ ಕನ್ನಡ ಪಾಠ ಮಾಡಿಕೊಂಡು, ವಾರಕ್ಕೊಮ್ಮೆ ನಿಮ್ಮ ತಲೆ ತಿನ್ನುವ ನಿಮ್ಮ ಈ ಅಂಕಣಕಾರ. ತಪ್ಪೊಪ್ಪಿಗೆ ಮೊದಲೇ ಆಗಿಬಿಡಲಿ.

ನಡೆದದ್ದು ಇಷ್ಟು. ಭತ್ತದ ಸಸಿ ನಾಟಿ ಮಾಡುವ ಹೊಸ ಮೆಷಿನ್ನೊಂದನ್ನು ಪರೀಕ್ಷೆಗೆಂದು ಒಂದು ಹಂಗಾಮು ಪೂರ್ತಿ ಕಂಪನಿಯವರು ಯಾರಾದರೊಬ್ಬ ರೈತರ ಹತ್ತಿರ ಬಿಡುತ್ತಾರೆ ಎಂದು ಶಿಕಾರಿಪುರದ ಡೀಲರು ಭಾವನಿಗೆ ಹೇಳಿದ್ದ. ಬಾಡಿಗೆ ಇಲ್ಲ, ಏನೂ ಇಲ್ಲ. ಯಾರ ಗದ್ದೆ ಎಂದು ಆರಿಸುವುದಕ್ಕೆ ಜಪಾನಿನಿಂದ ಇಂಜಿನಿಯರ್ ಒಬ್ಬರು ಬರುತ್ತಾರೆ. ಪಟ್ಟಿಯಲ್ಲಿ ಉಳಿದದ್ದು ಎರಡೇ ಜಾಗ. ಒಂದು ಕುಬಟೂರಿನವರದು, ಇನ್ನೊಂದು ನಮ್ಮ ಭಾವನದು.

ಈ ಮೆಷಿನ್ನು ನಿಜವಾಗಿ ಬೇಕಾಗಿದ್ದುದು ಅಕ್ಕನಿಗೆ. ಹೋದ ವರ್ಷ ನಾಟಿಗೆ ಆಳು ಸಿಗಲಿಲ್ಲ. ಅಕ್ಕ ಮತ್ತು ಅವಳ ಇಬ್ಬರು ಓರಗಿತ್ತಿಯರು ಹನ್ನೊಂದು ದಿನ ಬಗ್ಗಿ ನೆಟ್ಟರು. ಹನ್ನೆರಡನೇ ದಿನ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ದೀಪಾವಳಿಯವರೆಗೂ ಒಲೆಯ ಮುಂದೆ ನಿಂತವಳು ಗೋಡೆ ಹಿಡಿದುಕೊಂಡೇ ತಿರುಗುತ್ತಿದ್ದಳು. ನಾನು ನೋಡಲು ಹೋದಾಗೆಲ್ಲ ‘ಏನಿಲ್ಲ ಕಣೋ, ಸ್ವಲ್ಪ ಹಿಡ್ಕಂಡದೆ’ ಎನ್ನುತ್ತಿದ್ದಳು.

ಡೀಲರು ಇನ್ನೊಂದು ಮಾತು ಸೇರಿಸಿದ್ದ. ಬರುವವರು ವಯಸ್ಸಾದವರು, ಮೊದಲ ಭೇಟಿಯ ರೀತಿ ರಿವಾಜು ಬಹಳ ನೋಡುತ್ತಾರೆ. ಅವರ ಭಾಷೆಯಲ್ಲೇ ನಯವಾಗಿ ಎರಡು ಮಾತು ಪರಿಚಯ ಹೇಳಿಕೊಂಡರೆ ಖುಷಿಯಾಗುತ್ತಾರೆ.

ಸಂಜೆಯೇ ಭಾವನ ಫೋನು. ಮಾಮೂಲಿನಂತೆ ‘ಹಲೋ, ನಾನು ಕೆರಿಯಪ್ಪನೋರು’ ಎಂದು ಶುರುಮಾಡಿದರು. (ನಮ್ಮ ಕಡೆ ಎಲ್ಲರೂ ಹೀಗೇ. ‘ನಾನು ಗೌಡ್ರು’, ‘ನಾನು ಡಾಕ್ಟ್ರು’. ನಾನೂ ‘ಮೇಷ್ಟ್ರು ಮಾತಾಡೋದು’ ಎಂದೇ ಹೇಳುವುದು. ನಮಗೆ ನಾವೇ ಮರ್ಯಾದೆ ಕೊಟ್ಟುಕೊಳ್ಳದಿದ್ದರೆ ಇನ್ಯಾರು ಕೊಡುತ್ತಾರೆ?)

‘ಕುಬಟೂರ್ನೋರಿಗೆ ಹಳೇ ದೇವಸ್ಥಾನ ಅದಾವೆ ಮಾರಾಯ, ತೋರಿಸಿ ಮರುಳು ಮಾಡ್ತಾರೆ. ನಮ್ಮತ್ರ ತೋರಿಸಕ್ಕೆ ಎಂತ ಅದೆ? ಮಾತೊಂದೇ. ನೀನು ಪೇಪರ್ನಾಗೆ ಬರೆಯೋನು, ನಂಗೆ ಜಪಾನಿ ಕಲಿಸು.’

ಪೇಪರಿನಲ್ಲಿ ಬರೆಯುವವನಿಗೆ ಜಪಾನಿ ಬರುತ್ತದೆ ಎಂದು ಯಾರು ಹೇಳಿದರು? ಆದರೆ ನಾನು ‘ಬರಲ್ಲ’ ಎಂದೆನೇ? ಇಲ್ಲ. ಮೇಷ್ಟ್ರ ಬಾಯಲ್ಲಿ ಬಾರದ ಮಾತು ಅದೊಂದೇ.

ಮೊಬೈಲಿನಲ್ಲಿ ವಿಡಿಯೋ ಸಿಕ್ಕಿತು. ಒಬ್ಬ ಹುಡುಗಿ ನಗುನಗುತ್ತಾ ಮೂರೇ ಸಾಲು ಹೇಳಿಕೊಡುತ್ತಾಳೆ. ‘ಹಾಜಿಮೆಮಾಶಿತೆ’, ಎಂದರೆ ಇದೇ ಮೊದಲ ಸಲ ಭೇಟಿಯಾಗುತ್ತಿದ್ದೇನೆ. ‘ವತಾಶಿ ವಾ ಇಂಥವರು ದೆಸ್’, ಎಂದರೆ ನಾನು ಇಂಥವರು. ಕೊನೆಗೆ ‘ಯೊರೊಶಿಕು ಒನೆಗೈ ಶಿಮಾಸ್’. ಹೆಸರಾದ ಮೇಲೆ ‘ಸಾನ್’ ಹಚ್ಚಿದರೆ ಗೌರವ. ನಮ್ಮ ‘ಅವರು’ ಇದ್ದಂತೆ. ಇಷ್ಟೇನಾ ಎಂದುಕೊಂಡೆ. ವಿಡಿಯೋಗೆ ಎರಡನೇ ಭಾಗ ಇತ್ತು, ನೋಡಲಿಲ್ಲ. (ಇದನ್ನು ನೆನಪಿಟ್ಟುಕೊಳ್ಳಿ.)

ಭಾನುವಾರ ಹೊಸಬಾಳೆಯ ಜಗಲಿಯಲ್ಲಿ ತರಗತಿ. ಬರೆದುಕೊಳ್ಳಲು ಭಾವ ತಂದದ್ದು ಪಹಣಿಯ ಜೆರಾಕ್ಸ್ ಪ್ರತಿ. ಅದರ ಬೆನ್ನಿಗೆ ಜಪಾನಿ.

ಮೊದಲ ಸಾಲೇ ಭಾವನ ಬಾಯಲ್ಲಿ ‘ಹಾಜರಿ ಮಾಡಿಸ್ತೆ’ ಆಯಿತು. ತಿದ್ದಿದೆ. ‘ಹಾಜಿ ಮೇಮ್ ಮಾಡಿಸ್ತೆ’ ಆಯಿತು. ಮತ್ತೆ ತಿದ್ದಿದೆ. ಮೂರನೇ ಸಾಲು ಇನ್ನೂ ಕಷ್ಟ. ‘ಯಾರೋ ಶಿಕು?’ ಎಂದು ಭಾವ ನನ್ನನ್ನೇ ಕೇಳಿದರು. ಶಿಕು ಯಾರೂ ಅಲ್ಲ ಭಾವ, ದಯವಿಟ್ಟು ನಮ್ಮ ಮೇಲೆ ಒಳ್ಳೇ ಮನಸ್ಸಿರಲಿ ಎಂದರ್ಥ ಅಂದೆ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕ ಅಲ್ಲಿಂದಲೇ, ಅಯ್ಯೋ ಅದನ್ನ ನಾವು ತಾಲ್ಲೂಕು ಆಫೀಸಿನಲ್ಲಿ ದಿನಾ ಹೇಳ್ತೀವಲ್ಲ, ‘ನಮ್ ಕಡೆ ಸ್ವಲ್ಪ ನೋಡ್ಕಳ್ರಿ ಸಾರ್’ ಅಂತ, ಅದೇ ತಾನೇ ಎಂದಳು. ಅದೇ. ಆಮೇಲೆ ರೊಟ್ಟಿ ತಟ್ಟುವ ಲಯಕ್ಕೆ ‘ಯಾರೋ ಶಿಕ್ಕು, ಒನಕೆ ಕೈ, ಶಿಮಾಸು’ ಎಂದು ಅವಳು ಗುನುಗುವುದು ಕೇಳಿಸಿತು. ನಾವಿಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಜಮಾನರಿಗೆ ಪಾಠ ನಡೆಯುತ್ತಿರುವಾಗ ಅಡುಗೆಮನೆಯ ಗುನುಗನ್ನು ಯಾರು ಕೇಳುತ್ತಾರೆ?

ಮುಂದಿನ ತೊಡಕು ಅತಿಥಿಯ ಹೆಸರು. ಡೀಲರು ಮೆಸೇಜು ಕಳಿಸಿದ್ದ: ಅವರ ಹೆಸರು ಮೊರಿ.

ಭಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಮೋರಿ? ದೊಡ್ಡ ಮನುಷ್ಯರನ್ನ ಮೋರಿ ಅಂತ ಹೆಂಗೆ ಕರೆಯದು ಮಾರಾಯ?’

ಮೋರಿ ಅಲ್ಲ ಭಾವ, ಮೊರಿ. ‘ಮೊ’ ಗಿಡ್ಡ. ಅವರ ಭಾಷೆಯಲ್ಲಿ ಕಾಡು ಅಂತ ಅರ್ಥ ಎಂದು ಹುಡುಕಿ ಹೇಳಿದೆ. ಭಾವನಿಗೆ ಸಮಾಧಾನವಾಗಲಿಲ್ಲ. ಬಾಯಿ ತಪ್ಪಿ ದೀರ್ಘ ಬಂದರೆ ಚರಂಡಿ ಅಂದಂತಾಗುತ್ತದಲ್ಲ? ಹಾಗಾದರೆ ಕಾಡಪ್ಪನೋರು ಅನ್ನಿ, ತಪ್ಪೇನು ಎಂದು ಅಕ್ಕ ಬಗೆಹರಿಸಿದಳು. ಆವತ್ತಿನಿಂದ ಆ ಮನೆಯಲ್ಲಿ ಜಪಾನಿನ ಇಂಜಿನಿಯರು ಕಾಡಪ್ಪನೋರೇ ಆದರು.

ಈಗ ಮುಖ್ಯ ಸಾಲಿಗೆ ಬಂದೆವು. ‘ವತಾಶಿ ವಾ ಕೆರಿಯಪ್ಪ ದೆಸ್’ ಎಂದು ಹೇಳಿಕೊಟ್ಟೆ. ಭಾವನ ಮುಖ ಸಪ್ಪಗಾಯಿತು. ಬರೀ ಕೆರಿಯಪ್ಪನೇ? ಆ ‘ಅವರು’ ಎಲ್ಲಿ ಹೋಯಿತು? ಸಾನ್ ಇದೆ ಅಂದೆಯಲ್ಲ? ನಯವಾದ ಪರಿಚಯ ಎಂದ ಮೇಲೆ ಗೌರವ ಇರಲೇಬೇಕು ಎಂದು ನನಗೂ ಅನ್ನಿಸಿತು. ಹಚ್ಚಿದೆ. ಕೆರಿಯಪ್ಪ ಸಾನ್.

ಅಷ್ಟಕ್ಕೆ ಮುಗಿಯಲಿಲ್ಲ. ಊರಲ್ಲಿ ಮೂವರು ಕೆರಿಯಪ್ಪಂದಿರಿದ್ದಾರೆ. ಮೆಷಿನ್ನು ಹೋಗಿ ಇನ್ನೊಬ್ಬ ಕೆರಿಯಪ್ಪನ ಅಂಗಳದಲ್ಲಿ ನಿಂತರೆ? ಭಾವ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದರು. ಪಹಣಿಯಲ್ಲಿ ಅಪ್ಪನ ಹೆಸರಿನ ಮುಂಚೆ ಬರುತ್ತದಲ್ಲ, ‘ಬಿನ್’? ಇಂಥವರ ಮಗ ಎಂದು ಹೇಳುವ ಆ ಬಿನ್ ಇಲ್ಲದಿದ್ದರೆ ಸರ್ಕಾರವೇ ನಮ್ಮನ್ನು ಗುರುತಿಸುವುದಿಲ್ಲ, ಜಪಾನಿನವರು ಗುರುತಿಸುತ್ತಾರೆಯೇ? ತೀರಿಹೋದ ತಂದೆಗೂ ಗೌರವ ಬೇಡವೇ?

ಹೀಗೆ ತಯಾರಾಯಿತು ಆ ಮಹಾವಾಕ್ಯ: ‘ವತಾಶಿ ವಾ ಕೆರಿಯಪ್ಪ ಸಾನ್ ಬಿನ್ ಲೇಟ್ ಹುಚ್ಚಪ್ಪ ಸಾನ್ ದೆಸ್.’ ಸರ್ವೆ ನಂಬರನ್ನೂ ಸೇರಿಸಬೇಕೆಂದಿದ್ದರು. ನಾನೇ ತಡೆದೆ. (ಈ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ.)

ಆ ದಿನ ಬಂತು. ಮೊರಿಯವರು ಬಂದರು. ಸಣ್ಣ ಆಕೃತಿ, ಬಿಳಿ ತಲೆ, ಮೊಣಕಾಲುದ್ದದ ಬೂಟು. ಜೊತೆಗೆ ದುಭಾಷಿ ವೀಣಾ, ಕನ್ನಡ, ಜಪಾನಿ ಎರಡೂ ಬಲ್ಲ ಹುಡುಗಿ. ಪಕ್ಕದಲ್ಲಿ ಡೀಲರು. ಬದುವಿನ ಮೇಲೆ ಭಾವ. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಶಾಲು. ಅಕ್ಕ ದೂರದಲ್ಲಿ, ಕಾಫಿಯ ಫ್ಲಾಸ್ಕು ಹಿಡಿದು ನಿಂತಿದ್ದಳು.

ಭಾವ ಬಗ್ಗಿದರು. ಶಾಲು ಜಾರಿತು. ಜೇಬಿನಿಂದ ಪೆನ್ನು ಬಿತ್ತು, ಕನ್ನಡಕ ಬಿತ್ತು, ಪಹಣಿಯೂ ಬಿತ್ತು. ಆದರೂ ನೆಲ ನೋಡುತ್ತಲೇ ಇಡೀ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಮೊರಿಯವರು ನಗಲಿಲ್ಲ. ಗಂಭೀರವಾಗಿ ಸುತ್ತ ನೋಡಿದರು. ಆಮೇಲೆ ವೀಣಾಳ ಕಿವಿಯಲ್ಲಿ ಏನೋ ಕೇಳಿದರು. ವೀಣಾ ತುಟಿ ಕಚ್ಚಿಕೊಂಡು ಡೀಲರಿಗೆ ಏನೋ ಹೇಳಿದಳು. ಡೀಲರು ಕಾರಿಗೆ ಓಡಿ ಒಂದು ನೀರಿನ ಬಾಟ್ಲಿ ತಂದ. ಮೊರಿಯವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಭಾವನಿಗೆ ಕೊಟ್ಟು ಬಗ್ಗಿದರು. ಜಪಾನಿನ ಪದ್ಧತಿಯಿರಬೇಕು ಎಂದು ಭಾವನೂ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡರು.

ನಾನು ವೀಣಾಳನ್ನು ಪಕ್ಕಕ್ಕೆ ಕರೆದು ಕೇಳಿದೆ. ಜಪಾನಿಯಲ್ಲಿ ‘ಬಿನ್’ ಎಂದರೆ ಬಾಟ್ಲಿಯಂತೆ. ಸಾನ್ ವಿಷಯ? ‘ಅದನ್ನ ಬೇರೆಯವರ ಹೆಸರಿಗೆ ಮಾತ್ರ ಹಾಕೋದು ಸರ್. ತನಗೆ ತಾನೇ ಯಾರೂ ಹಾಕ್ಕೊಳ್ಳಲ್ಲ.’ ಎರಡನೇ ಭಾಗದಲ್ಲಿ ಇದ್ದದ್ದು ಇದೇ ಇರಬೇಕು. ನನ್ನ ಉಬ್ಬಿದ ಎದೆ ಅಲ್ಲೇ ಇಳಿಯಿತು. ಹೋಯಿತು ಮೆಷಿನ್ನು, ನನ್ನಿಂದಲೇ ಹೋಯಿತು ಎಂದುಕೊಂಡೆ. ಅಕ್ಕನ ಮುಖ ನೋಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಮೊರಿಯವರು ಭಾವನನ್ನು ಕೇಳಿದರು. ಈ ಗದ್ದೆಯಲ್ಲಿ ನಾಟಿ ಯಾರು ಮಾಡುತ್ತಾರೆ? ‘ನಾವೇ’ ಎಂದರು ಭಾವ. ನಾಟಿ ಮುಗಿದ ಮೇಲೆ ಸೊಂಟ ಎಷ್ಟು ದಿನ ನೋಯುತ್ತದೆ, ಎಲ್ಲಿ ನೋಯುತ್ತದೆ?

ಭಾವ ಬಾಟ್ಲಿ ಹಿಡಿದು ನಿಂತರು. ಅವರಿಗೇನು ಗೊತ್ತು? ಅವರು ಟಿಲ್ಲರ್ ಹೊಡೆಯುವವರು. ನಿಧಾನಕ್ಕೆ ತಿರುಗಿ ಅಕ್ಕನ ಕಡೆ ನೋಡಿದರು.

ಅಕ್ಕ ಫ್ಲಾಸ್ಕನ್ನು ಬದುವಿನ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಸೊಂಟ ಎಷ್ಟು ಬಗ್ಗುತ್ತದೋ ಅಷ್ಟೇ ಬಗ್ಗಿದಳು.

‘ಹಾಜಿಮೆಮಾಶಿತೆ. ವತಾಶಿ ವಾ ಸರೋಜ ದೆಸ್. ಯೊರೊಶಿಕು ಒನೆಗೈ ಶಿಮಾಸ್.’

ಒನಕೆಯೂ ಇಲ್ಲ, ಶಿಕುವೂ ಇಲ್ಲ. ವೀಣಾ ಬಾಯಿ ತೆರೆದು ನಿಂತಳು. ಮೊರಿಯವರು ಭಾವನಿಗೆ ಬಗ್ಗಿದ್ದಕ್ಕಿಂತ ಒಂದು ಗೇಣು ಹೆಚ್ಚೇ ಬಗ್ಗಿ, ‘ಸರೋಜ ಸಾನ್’ ಎಂದರು.

ಆಮೇಲೆ ಅಕ್ಕ ಎಲ್ಲಿ ನೋಯುತ್ತದೆ ಎಂಬುದನ್ನು ಕೈಯಿಟ್ಟು ತೋರಿಸಿದಳು. ಗೋಡೆ ಹಿಡಿದು ನಡೆದದ್ದನ್ನೂ ಹೇಳಿದಳು, ನನಗೆ ಒಂದು ದಿನವೂ ಬಾಯಿಬಿಟ್ಟು ಹೇಳದಿದ್ದದ್ದನ್ನು. ಮೊರಿಯವರು ಸಣ್ಣ ಪುಸ್ತಕ ತೆಗೆದು ಎಲ್ಲ ಬರೆದುಕೊಂಡರು. ಬಾಟ್ಲಿ ಹಿಡಿದವರು ನಿಮಗೆ ಏನಾಗಬೇಕು ಎಂದು ಕೇಳಿದರು. ಅಕ್ಕ ಗಂಡನ ಹೆಸರು ಹೇಳುವವಳಲ್ಲ. ‘ನಮ್ಮನೇರು’ ಎಂದಳು. ವೀಣಾ ಅದನ್ನು ಜಪಾನಿಯಲ್ಲಿ ಹೇಳಿದಾಗ ಮಾತ್ರ ಮೊರಿಯವರು ಜೋರಾಗಿ ನಕ್ಕರು. ಅವರ ಹೆಂಡತಿಯೂ ಅವರನ್ನು ‘ನಮ್ಮನೆಯ ಮನುಷ್ಯ’ ಎಂದೇ ಹೇಳುವುದಂತೆ, ಹೆಸರು ಬಾಯಿಗೇ ಬರುವುದಿಲ್ಲವಂತೆ.

ಸಂಜೆ ನಾನು ಅಕ್ಕನನ್ನು ಕೇಳಿದೆ. ಸಾನ್ ಹಚ್ಚಬಾರದು ಎಂದು ನಿನಗೆ ಯಾರು ಹೇಳಿಕೊಟ್ಟರು?

‘ಯಾರೂ ಹೇಳ್ಲಿಲ್ಲ ಕಣೋ. ನಂಗೆ ನಾನೇ ಎಂತ ಮರ್ಯಾದಿ ಕೊಟ್ಕಳದು ಅಂತ ಬಿಟ್ಟೆ.’

ಮೇಷ್ಟ್ರು ವ್ಯಾಕರಣ ಓದಿ ತಪ್ಪಿದ್ದನ್ನು ಅಕ್ಕ ಅಭ್ಯಾಸಬಲದಿಂದ ಸರಿ ಮಾಡಿದ್ದಳು. ನನಗೆ ನಗು ಬಂತು. ಬಸ್ಸು ಹತ್ತಿದ ಮೇಲೆ ಅದು ನಗುವ ಮಾತಲ್ಲ ಎನ್ನಿಸಿತು. ಅಕ್ಕ ತನ್ನ ಹೆಸರನ್ನು ತಾನೇ ಹೇಳಿದ್ದನ್ನು ನಾನು ಯಾವತ್ತು ಕೇಳಿದ್ದೆ? ಕೆರಿಯಪ್ಪನ ಹೆಂಡತಿ, ಮೇಷ್ಟ್ರ ಅಕ್ಕ, ಹುಚ್ಚಪ್ಪನ ಸೊಸೆ. ಫೋನು ಮಾಡಿದರೆ ‘ನಾನು ಕಣೋ’. ಅಷ್ಟೇ.

ಹತ್ತು ದಿನಕ್ಕೆ ಡೀಲರು ಫೋನು ಮಾಡಿದ. ಮೆಷಿನ್ನು ಹೊಸಬಾಳೆಗೇ. ‘ಸೊಂಟ ನೋಯುವವರೇ ಮಾತಾಡಿದ ಗದ್ದೆ ಇದೊಂದೇ’ ಎಂದು ಮೊರಿಯವರು ಬರೆದಿದ್ದರಂತೆ. ಕಾಗದದಲ್ಲಿ ಬಳಸುವವರ ಹೆಸರು: ಸರೋಜ. ಪಹಣಿ ನನ್ನ ಹೆಸರಲ್ಲಿ, ಮೆಷಿನ್ನು ಅವಳ ಹೆಸರಲ್ಲಿ, ಇದ್ಯಾವ ನ್ಯಾಯ ಎಂದು ಭಾವ ಎರಡು ದಿನ ಮುಖ ಊದಿಸಿಕೊಂಡಿದ್ದರು. ಅಷ್ಟರಲ್ಲಿ ಊರು ಅವರಿಗೆ ಬೇರೆ ಹೆಸರನ್ನೇ ಕೊಟ್ಟಿತ್ತು. ಮೂವರು ಕೆರಿಯಪ್ಪಂದಿರಲ್ಲಿ ಇನ್ನು ಗೊಂದಲವಿಲ್ಲ. ಒಬ್ಬ ಅಂಗಡಿ ಕೆರಿಯಪ್ಪ, ಒಬ್ಬ ಕುರಿ ಕೆರಿಯಪ್ಪ, ನಮ್ಮವರು ಬಾಟ್ಲಿ ಕೆರಿಯಪ್ಪ.

ಮೊನ್ನೆ ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಯಾವುದೋ ಇಂಜಿನ್ನಿನ ಸದ್ದು. ಹೆಂಗಸಿನ ದನಿ, ಗತ್ತಾಗಿ, ಸ್ಪಷ್ಟವಾಗಿ ಹೇಳಿತು: ‘ಹಲೋ, ನಾನು ಸರೋಜ.’

ಐವತ್ತು ವರ್ಷದಿಂದ ಅವಳ ತಮ್ಮನಾಗಿರುವ ನಾನು, ತೀರಾ ನಯವಾಗಿಯೇ ಕೇಳಿದೆ: ‘ಯಾವ ಸರೋಜ ರೀ?’